ದುಡಿಯಲೇಬೇಕಿಲ್ಲ ಎಂದಾದಾಗ ಊರು ಏನು ಮಾಡಿತು?

ನಾಳೆಯಿಂದ ನೀವು ದುಡಿಯಬೇಕಾಗಿಲ್ಲ. ಮನೆಗೆ ಬೇಕಾದಷ್ಟು ಹಣ ತಿಂಗಳು ತಿಂಗಳು ಬಂದು ಸೇರುತ್ತದೆ. ಆಗ ದಿನವಿಡೀ ಏನು ಮಾಡುತ್ತೀರಿ?

ಅರಳಿಕಟ್ಟೆಯಲ್ಲಿ ಕೂತವರಿಗೆ ಈ ಪ್ರಶ್ನೆ ಹಾಕಿದರೆ ಒಬ್ಬರು ಕಾಶಿಗೆ ಹೋಗುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಹೊಟ್ಟೆ ತುಂಬ ನಿದ್ದೆ ಮಾಡುತ್ತೇನೆ ಎನ್ನುತ್ತಾರೆ. ಎಲ್ಲರೂ ನಕ್ಕು, ಎದ್ದು ಕೆಲಸಕ್ಕೆ ಹೋಗುತ್ತಾರೆ. ನಮ್ಮಲ್ಲಿ ಬಹುಪಾಲು ಜನಕ್ಕೆ ಇದು ಕನಸಿನ ಮಾತು.

ಬೆಂಗಳೂರಿನ ಸುತ್ತಲಿನ ಕೆಲವು ಊರುಗಳಲ್ಲಿ ಮಾತ್ರ ಇದು ನಿಜವಾಗಿ ನಡೆಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಇವತ್ತು ಕಂಪನಿಗಳ ಹೆಸರಿನಿಂದ ಗುರುತಾಗುತ್ತವೆ. ಆದರೆ ಅವುಗಳ ಅಡಿಯಲ್ಲಿರುವುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು, ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಚೊಕ್ಕಸಂದ್ರ, ನೆಲಗದರನಹಳ್ಳಿ ಎಂಬ ಹಳ್ಳಿಗಳು. ಅಲ್ಲಿನ ಎಷ್ಟೋ ರೈತರ ಮನೆಗಳಿಗೆ ಒಂದು ದಿನ ಹೊಲ ಹೋಗಿ ಹಣ ಬಂತು. ಆಮೇಲೆ ಬಾಡಿಗೆ ಬಂತು. ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುವ ಅಗತ್ಯವೇ ಇಲ್ಲವಾಯಿತು.

ಆನೇಕಲ್, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಓದುಗರಿಗೆ ಇದು ಹಳೆಯ ಕತೆ ಮಾತ್ರವಲ್ಲ. ಅವರಿಗೆ ಬಂದ ಪ್ರಶ್ನೆ ನಾಳೆ ನಿಮ್ಮ ಮನೆ ಬಾಗಿಲಿಗೂ ಬರಬಹುದು. ಎಕರೆಗೆ ಎಷ್ಟು ಎಂಬ ಲೆಕ್ಕ ಎಲ್ಲರೂ ಹಾಕುತ್ತಾರೆ. ಆಮೇಲಿನ ಮೂವತ್ತು ವರ್ಷದ ಹಗಲುಗಳ ಲೆಕ್ಕವನ್ನು ಇಲ್ಲಿ ಹಾಕಿ ನೋಡೋಣ.

ಸುಗ್ಗಿ ಮುಗಿದ ಮೇಲಿನ ಬಿಡುವು

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಹಳೆಯ ಕಾಲದ ರೈತನಿಗೆ ಬಿಡುವೇ ಇರಲಿಲ್ಲ ಎನ್ನುತ್ತಾರೆ. ಬೆಂಗಳೂರು ಸೀಮೆಯ ಮಟ್ಟಿಗೆ ಅದು ಪೂರ್ತಿ ನಿಜವಲ್ಲ.

ಇದು ಮಳೆ ನಂಬಿದ ರಾಗಿ ಸೀಮೆ. ಆಷಾಢ ಶ್ರಾವಣದ ಹೊತ್ತಿಗೆ ಬಿತ್ತನೆ, ಜೊತೆಗೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಜೋಳ. ಕಾರ್ತಿಕ ಮಾರ್ಗಶಿರಕ್ಕೆ ಕೊಯ್ಲು. ಮೆದೆ ಒಟ್ಟಿ, ಕಣ ಮಾಡಿ, ಗುಂಡು ಉರುಳಿಸಿ, ರಾಗಿ ಮನೆಗೆ ಬರುವಷ್ಟರಲ್ಲಿ ಸಂಕ್ರಾಂತಿ. ಕೆರೆ ಕೆಳಗೆ ಗದ್ದೆ, ತೋಟ ಇದ್ದವರಿಗೆ ಮುಂದೆಯೂ ಕೆಲಸ ಇರುತ್ತಿತ್ತು. ಬರೀ ಬೆದ್ದಲು ಹೊಲದವರಿಗೆ ಸಂಕ್ರಾಂತಿಯಿಂದ ಮುಂಗಾರಿನ ಮೊದಲ ಮಳೆಯವರೆಗೆ ಹೊಲದಲ್ಲಿ ಹೆಚ್ಚು ಕೆಲಸವಿರಲಿಲ್ಲ.

ಆ ತಿಂಗಳುಗಳಲ್ಲಿ ಊರು ಏನು ಮಾಡುತ್ತಿತ್ತು? ಜಾತ್ರೆ, ಮದುವೆ, ಊರಹಬ್ಬ. ದನಗಳ ಜಾತ್ರೆಗೆ ಹೋಗಿ ಎತ್ತು ಕೊಳ್ಳುವುದು, ಮಾರುವುದು. ರಾತ್ರಿ ಭಜನೆ, ಕೋಲಾಟ. ಎಲ್ಲಕ್ಕಿಂತ ಹೆಚ್ಚಾಗಿ ನಾಟಕ.

1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಈ ಸೀಮೆಯ ಜನಕ್ಕೆಲ್ಲ ಪೌರಾಣಿಕ ನಾಟಕದ ಹುಚ್ಚು ಹತ್ತಿಸಿತು. ಊರೂರಲ್ಲಿ ರೈತರೇ ಬಣ್ಣ ಹಚ್ಚಿದರು. ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಿದ್ದರು. ಇಲ್ಲಿ ಒಂದು ವಿಷಯ ಗಮನಿಸಿ. ಈ ನಾಟಕಗಳಲ್ಲಿ ಪಾತ್ರಧಾರಿಗೆ ಸಂಬಳ ಕೊಡುವುದಿಲ್ಲ, ಪಾತ್ರಧಾರಿಯೇ ಹಣ ಕೊಡುತ್ತಾನೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನ ಪಾತ್ರಕ್ಕೆ ಇಷ್ಟು. ಮೇಷ್ಟ್ರ ಫೀಜು, ಸೀನರಿ ಬಾಡಿಗೆ, ಲೈಟಿನ ಖರ್ಚು ಎಲ್ಲ ಅದರಲ್ಲೇ ನಡೆಯಬೇಕು. ಯಾರೂ ಬಲವಂತ ಮಾಡದಿದ್ದರೂ ಕೈಯಿಂದ ಖರ್ಚು ಮಾಡಿ, ನಿದ್ದೆಗೆಟ್ಟು, ಕಂದ ಪದ್ಯ ಬಾಯಿಪಾಠ ಮಾಡಿದರೆಂದರೆ, ಕೆಲಸ ಬೇಡವಾದಾಗ ಮನುಷ್ಯ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ನಮ್ಮ ಸೀಮೆ ಕೊಟ್ಟ ಹಳೆಯ ಉತ್ತರ ಇದೇ.

ಈ ಬಿಡುವಿಗೆ ಎರಡು ಗುಣಗಳಿದ್ದವು. ಒಂದು, ಅದು ಎಲ್ಲರಿಗೂ ಒಟ್ಟಿಗೆ ಬರುತ್ತಿತ್ತು. ಭೀಮನಿಗೆ ಬಿಡುವಿದ್ದು ದುರ್ಯೋಧನನಿಗೆ ಇಲ್ಲದಿದ್ದರೆ ನಾಟಕ ಆಗುವುದಿಲ್ಲ. ಎರಡು, ಅದಕ್ಕೆ ಜಾಗ ಇತ್ತು. ಗುಡಿ ಮುಂದಿನ ಬಯಲು, ಅರಳಿಕಟ್ಟೆ, ಗುಂಡುತೋಪು, ಕೆರೆ ಏರಿ, ದನ ಬಿಡುವ ಗೋಮಾಳ. ಯಾರ ಸ್ವಂತದ್ದೂ ಅಲ್ಲದ, ಎಲ್ಲರೂ ಕೂರಬಹುದಾದ ಜಾಗ. ಈ ಎರಡು ಗುಣಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕತೆಯೆಲ್ಲ ಇವುಗಳದ್ದೇ.

ವೈಟ್‌ಫೀಲ್ಡಿನ ಮೊದಲ ನಿವೃತ್ತರು

ದುಡಿಮೆಯ ಒತ್ತಡವಿಲ್ಲದೆ ಬದುಕುವ ಊರು ಎಂಬ ಕಲ್ಪನೆ ವೈಟ್‌ಫೀಲ್ಡಿಗೆ ಐಟಿ ಬರುವ ನೂರು ವರ್ಷ ಮೊದಲೇ ಬಂದಿತ್ತು. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ ಇಲ್ಲಿ ಸುಮಾರು 3,900 ಎಕರೆ ಜಾಗ ಕೊಟ್ಟರು. ಮದರಾಸಿನಲ್ಲಿ ಆ ಸಮುದಾಯದ ಮುಂದಾಳಾಗಿದ್ದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೂ ಬಂತು.

ಉದ್ದೇಶ ಒಕ್ಕಲುತನ. ಸರ್ಕಾರಿ ನೌಕರಿಯನ್ನೇ ನೆಚ್ಚಿಕೊಳ್ಳದೆ ತಮ್ಮ ಜನ ಭೂಮಿ ಉತ್ತು ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂಬುದು ಯೋಜನೆ. ಆದರೆ ಕಾಲ ಕಳೆದಂತೆ ವೈಟ್‌ಫೀಲ್ಡ್ ಹೆಸರಾದದ್ದು ಪಿಂಚಣಿದಾರರ ಊರೆಂದು. ನಡುವೆ ಹಸಿರು ಬಯಲು, ಅದರ ಸುತ್ತ ವೃತ್ತಾಕಾರದ ರಸ್ತೆ, ರಸ್ತೆಯಂಚಿಗೆ ಹೆಂಚಿನ ಮನೆಗಳು, ತೋಟ, ಚರ್ಚು. ಅಲ್ಲೂ ಊರಿನ ನಕ್ಷೆ ಹಾಕಿದವರು ಮೊದಲು ಬಿಟ್ಟದ್ದು ನಡುವಿನ ಬಯಲನ್ನು. ನಮ್ಮ ಹಳ್ಳಿಗಳ ಗುಂಡುತೋಪಿಗೂ ಆ ಹಸಿರು ಬಯಲಿಗೂ ಭಾಷೆ ಬೇರೆ, ಕೆಲಸ ಒಂದೇ.

ಸೈರನ್ ಕೊಟ್ಟ ಬಿಡುವು

ಎರಡನೆಯ ಬಗೆಯ ಬಿಡುವು ಬಂದದ್ದು ಕಾರ್ಖಾನೆಯಿಂದ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. 1970ರ ದಶಕದಲ್ಲಿ ಪೀಣ್ಯದ ಹೊಲಗಳಲ್ಲಿ ಸಣ್ಣ ಕೈಗಾರಿಕೆಗಳು ಎದ್ದವು. ಸುತ್ತಲ ಹಳ್ಳಿಗಳ ಹುಡುಗರು ಐಟಿಐ ಕೋರ್ಸು ಓದಿ ಫಿಟ್ಟರ್, ಟರ್ನರ್ ಆದರು.

ಕಾರ್ಖಾನೆ ಹೊತ್ತನ್ನು ಎರಡಾಗಿ ಸೀಳಿತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಸೈರನ್ ಕೂಗುವವರೆಗೆ ಹೊತ್ತು ಕಂಪನಿಯದು, ಕೂಗಿದ ಮೇಲೆ ನಿಮ್ಮದು. ಸೂರ್ಯನ ನೆರಳು ನೋಡಿ ಹೊತ್ತು ಹೇಳುತ್ತಿದ್ದ ಮನೆಗಳ ಕೈಗೆ ಗಡಿಯಾರ ಬಂತು. ಎಚ್‌ಎಂಟಿ 1961ರಿಂದ ಬೆಂಗಳೂರಿನಲ್ಲೇ ಕೈಗಡಿಯಾರ ಮಾಡತೊಡಗಿತ್ತು.

ಈ ಬಿಡುವು ಸುಗ್ಗಿಯ ಬಿಡುವಿನಷ್ಟು ಉದ್ದ ಇರಲಿಲ್ಲ. ಆದರೆ ಒಟ್ಟಿಗೆ ಬರುವ ಗುಣ ಉಳಿದಿತ್ತು. ಒಂದೇ ಶಿಫ್ಟಿನವರೆಲ್ಲ ಒಂದೇ ಹೊತ್ತಿಗೆ ಹೊರಗೆ ಬರುತ್ತಿದ್ದರು, ಒಂದೇ ಟೌನ್‌ಶಿಪ್ಪಿನಲ್ಲಿ ಇರುತ್ತಿದ್ದರು. ಆಟದ ಮೈದಾನ, ಗ್ರಂಥಾಲಯ, ಸಭಾಂಗಣವೂ ಅಲ್ಲೇ. ಹಾಗಾಗಿ ಸಾರ್ವಜನಿಕ ಉದ್ಯಮಗಳಲ್ಲಿ ಕನ್ನಡ ಸಂಘಗಳು ಬೆಳೆದವು, ರಾಜ್ಯೋತ್ಸವ ನಡೆಯಿತು, ಕಾರ್ಮಿಕರೇ ಆಡುವ ಹವ್ಯಾಸಿ ನಾಟಕಗಳು ಬಂದವು. 1980ರ ಡಿಸೆಂಬರಿನಲ್ಲಿ ಶುರುವಾದ ಸಾರ್ವಜನಿಕ ಉದ್ಯಮಗಳ ಮುಷ್ಕರ 77 ದಿನ ನಡೆಯಿತು. ಸಂಬಳವಿಲ್ಲದ ಅಷ್ಟು ದಿನ ಜನ ಒಟ್ಟಿಗೆ ನಿಲ್ಲಲು ಯೂನಿಯನ್ ಒಂದೇ ಕಾರಣವಲ್ಲ. ಶಿಫ್ಟು ಮುಗಿದ ಸಂಜೆಗಳಲ್ಲಿ ಬೆಳೆದ ಪರಿಚಯವೂ ಕಾರಣವಿದ್ದೀತು ಎಂದು ನಮಗನಿಸುತ್ತದೆ.

1990ರ ದಶಕದಿಂದ ಸ್ವಯಂನಿವೃತ್ತಿ ಯೋಜನೆಗಳು ಬಂದವು. ಐವತ್ತರ ಆಸುಪಾಸಿನ, ಇನ್ನೂ ಗಟ್ಟಿಮುಟ್ಟಾದ ಜನ ಒಂದಿಷ್ಟು ಹಣ ಹಿಡಿದು ಮನೆಗೆ ಬಂದರು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನೇ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ದೇಶಕ್ಕೆಲ್ಲ ಹೊತ್ತು ತೋರಿಸಿದವರ ಕೈಯಲ್ಲಿ ಈಗ ಹೊತ್ತೇ ಹೊತ್ತು.

ಫಾರಂ 7ರಿಂದ ಸ್ವಾಧೀನದ ನೋಟಿಸಿನವರೆಗೆ

ಮೂರನೆಯ ಬಗೆಯ ಬಿಡುವು ಭೂಮಿಯಿಂದ ಬಂದದ್ದು. ಇದರ ಹಿಂದೆ ಎರಡು ಕಾನೂನುಗಳಿವೆ.

ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ ನಂ. 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ತಲೆಮಾರುಗಳಿಂದ ಬೇರೆಯವರ ಹೊಲ ಉಳುತ್ತಿದ್ದ ಎಷ್ಟೋ ಕುಟುಂಬಗಳ ಹೆಸರು ಪಹಣಿಗೆ ಏರಿತು.

ಇನ್ನೊಂದು ಕಾನೂನು ಅದಕ್ಕೂ ಎಂಟು ವರ್ಷ ಹಳೆಯದು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ಕೆಐಎಡಿಬಿ ಹುಟ್ಟಿದ್ದು ಇದರಿಂದ. ಕೈಗಾರಿಕೆಗೆ ಬೇಕೆಂದರೆ ಸರ್ಕಾರ ರೈತರ ಜಮೀನು ಪಡೆದು ಮಂಡಳಿಗೆ ಕೊಡಬಹುದು.

1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿತು. 1994ರಲ್ಲಿ ಇನ್ಫೋಸಿಸ್ ತನ್ನ ಮುಖ್ಯ ಕಚೇರಿಯನ್ನು ಅಲ್ಲಿಗೆ ತಂದಿತು. ಅದೇ ದಶಕದಲ್ಲಿ ವೈಟ್‌ಫೀಲ್ಡ್ ಪಕ್ಕದ ಪಟ್ಟಂದೂರು ಅಗ್ರಹಾರದಲ್ಲಿ ಐಟಿಪಿಎಲ್ ಎದ್ದಿತು. ಸ್ವಾಧೀನಕ್ಕೆ ಹೋದ ಜಮೀನಿಗೆ ಪರಿಹಾರ, ಉಳಿದ ಜಮೀನಿಗೆ ಏರುವ ಬೆಲೆ.

ಉತ್ತವನ ಹೆಸರು ಪಹಣಿಗೆ ಏರಿ ಹೆಚ್ಚು ವರ್ಷವಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹೊಲ ಪಡೆದ ತಲೆಮಾರು ಕಣ್ಣು ಮುಚ್ಚುವ ಮೊದಲೇ ಹೊಲ ಹೋಗುವುದನ್ನೂ ನೋಡಿತು.

ಹಣ ಬಂತು, ಹೊತ್ತೂ ಬಂತು

ಈ ಊರುಗಳ ಬಗ್ಗೆ ಪೇಟೆಯವರು ಒಂದು ಕತೆ ಹೇಳುತ್ತಾರೆ. ರೈತ ಜಮೀನು ಮಾರಿದ, ಕಾರು ತಂದ, ಕುಡಿದ, ಹಾಳಾದ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆಯನ್ನೂ ಸೇರಿಸುತ್ತಾರೆ. ಹಾಗೆ ಆದವರು ಇದ್ದಾರೆ, ಸುಳ್ಳಲ್ಲ. ಆದರೆ ಆ ಕತೆ ಹೇಳುವವರು ಈ ಊರುಗಳಲ್ಲಿ ಒಂದು ವಾರ ಓಡಾಡಿದ್ದರೆ ಬೇರೆಯದೂ ಕಾಣುತ್ತಿತ್ತು.

ಮೊದಲನೆಯದಾಗಿ, ಬಾಡಿಗೆ ತಿನ್ನುವುದೂ ಪೂರಾ ಬಿಡುವಲ್ಲ. ವಠಾರ ಕಟ್ಟಿಸಿದವರು ಬೆಳಿಗ್ಗೆ ಮೋಟಾರು ಹಾಕಬೇಕು, ನೀರು ಬರದಿದ್ದರೆ ಟ್ಯಾಂಕರಿಗೆ ಫೋನು ಮಾಡಬೇಕು, ಖಾಲಿ ಮನೆಗೆ ಬೋರ್ಡು ಹಾಕಬೇಕು, ಅಡ್ವಾನ್ಸ್ ವಾಪಸು ಕೊಡುವಾಗ ಜಗಳ ಬಿಡಿಸಬೇಕು. ಮೂರು ಅಂತಸ್ತಿನ ಮನೆಯ ಹಿಂದೆ ಎರಡು ಸೀಮೆ ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು ಈಗಲೂ ಇದ್ದಾರೆ. ಖಾಲಿ ಸೈಟು ಕಂಡರೆ ಅದರಲ್ಲಿ ರಾಗಿಯೋ ಅವರೆಯೋ ಚೆಲ್ಲುವವರಿದ್ದಾರೆ. ಆ ರಾಗಿಯ ಲಾಭ ಒಂದು ಮನೆಯ ಬಾಡಿಗೆಗೂ ಸಮನಾಗದು. ದುಡ್ಡಿಗಾಗಿ ಮಾಡುವ ಕೆಲಸ ಅದಲ್ಲ.

ಎರಡನೆಯದು, ದೇವರ ಕೆಲಸ. ಹಳೆಯ ಗುಡಿ ಬಿಚ್ಚಿ ಕಲ್ಲಿನಲ್ಲಿ ಕಟ್ಟಿದರು, ಗೋಪುರ ಎತ್ತಿದರು, ಊರಹಬ್ಬ ದೊಡ್ಡದಾಯಿತು. ತಿರುಪತಿ, ಧರ್ಮಸ್ಥಳ, ಶಬರಿಮಲೆಗೆ ಊರಿಗೆ ಊರೇ ಬಸ್ಸು ಮಾಡಿಕೊಂಡು ಹೊರಟಿತು.

ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆ ನೋಡಿದವರಿಗೆ ಇದು ಗೊತ್ತು. ಎಲೆಕ್ಟ್ರಾನಿಕ್ ಸಿಟಿಯ ಸುತ್ತಲ ಹಳ್ಳಿಗಳು ತಮ್ಮ ತಮ್ಮ ಕುರ್ಜು ಕಟ್ಟಿ ಹುಸ್ಕೂರಿಗೆ ಎಳೆದು ತರುತ್ತವೆ. ಎತ್ತುಗಳ ಜೊತೆಗೆ ಟ್ರ್ಯಾಕ್ಟರು, ಜೆಸಿಬಿಯೂ ಎಳೆಯುತ್ತವೆ. ತೇರುಗಳ ಎತ್ತರ ನೂರು ಅಡಿ ದಾಟಿದೆ. ಕಟ್ಟಲು ದಿನಗಟ್ಟಲೆ ಕೆಲಸ, ಊರಿನ ಗಂಡಾಳೆಲ್ಲ ಬೇಕು. ನಮ್ಮೂರ ತೇರು ನಿಮ್ಮೂರದ್ದಕ್ಕಿಂತ ಎತ್ತರ ಎಂಬ ಪೈಪೋಟಿಯೂ ಇದೆ. 2025ರ ಮಾರ್ಚಿನಲ್ಲಿ ಗಾಳಿಮಳೆಗೆ ತೇರುಗಳು ಉರುಳಿ ಜೀವಹಾನಿಯಾಯಿತು. ಹಿಂದಿನ ವರ್ಷವೂ ಒಂದು ತೇರು ಬಿದ್ದಿತ್ತು. ಎತ್ತರಕ್ಕೆ ಮಿತಿ ಬೇಕು ಎಂಬ ಮಾತು ಸರಿಯೇ. ಆದರೆ ಅಷ್ಟು ಎತ್ತರ ಏಕೆ ಕಟ್ಟುತ್ತಾರೆ ಎಂದು ಕೇಳಿದರೆ, ಆ ತೇರಿನಲ್ಲಿ ಒಂದು ಕಾಲದಲ್ಲಿ ಹೊಲಕ್ಕೆ ಹೋಗುತ್ತಿದ್ದ ಕಸುವು, ಹೊತ್ತು, ಒಗ್ಗಟ್ಟು ಎಲ್ಲ ಇದೆ. ವರ್ಷಕ್ಕೊಮ್ಮೆಯಾದರೂ ಊರು ಊರಾಗಿ ಸೇರಬೇಕೆಂಬ ಆಸೆ ಇದೆ.

ಮೂರನೆಯದು, ಹಳ್ಳಿಕಾರ್ ಎತ್ತುಗಳು. ಉಳಲು ಹೊಲವೇ ಇಲ್ಲದ ಕಡೆ ಜೋಡಿ ಎತ್ತು ಸಾಕುವುದು ಹುಡುಗರ ಹೆಮ್ಮೆಯಾಗಿದೆ. ಮೈ ತೊಳೆದು, ಕೊಂಬು ಹೆರೆದು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಮೆರವಣಿಗೆಯಲ್ಲಿ ಕರೆದೊಯ್ಯುತ್ತಾರೆ. ವೈಟ್‌ಫೀಲ್ಡ್ ಪಕ್ಕದ ವರ್ತೂರಿನ ಹಳ್ಳಿಕಾರ್ ಸಾಕಣೆದಾರ ಸಂತೋಷ್ 2023ರಲ್ಲಿ ಬಿಗ್ ಬಾಸ್ ಮನೆಗೂ ಹೋದರು. ಅಜ್ಜನಿಗೆ ಕೆಲಸವಾಗಿದ್ದದ್ದು ಮೊಮ್ಮಗನಿಗೆ ಶೋಕಿಯಾಯಿತು.

ನಾಟಕವೂ ಸತ್ತಿಲ್ಲ. ಈ ಸೀಮೆಯಲ್ಲಿ ಇವತ್ತಿಗೂ ರಾತ್ರಿಯಿಡೀ ಕುರುಕ್ಷೇತ್ರ ಆಡುತ್ತಾರೆ, ಇವತ್ತಿಗೂ ಪಾತ್ರಕ್ಕೆ ಹಣ ಕೊಟ್ಟೇ ಆಡುತ್ತಾರೆ.

ಇಷ್ಟೆಲ್ಲ ನೋಡಿದರೆ ನಮಗೆ ತೋಚುವುದು ಇಷ್ಟು. ದುಡಿಯಬೇಕಿಲ್ಲ ಎಂದಾದಾಗ ಜನ ಹೊಸದೇನನ್ನೋ ಹುಡುಕಿಕೊಂಡು ಹೋಗಲಿಲ್ಲ. ಅವರಿಗೆ ಮೊದಲೇ ಗೊತ್ತಿದ್ದ ತೇರು, ಎತ್ತು, ನಾಟಕ, ಯಾತ್ರೆಗಳನ್ನೇ ದೊಡ್ಡದು ಮಾಡಿದರು. ಗೊತ್ತಿದ್ದದ್ದನ್ನು ಮಾಡಲು ಜೊತೆ ಮತ್ತು ಜಾಗ ಸಿಗದವರು ಮಾತ್ರ ಒಂಟಿಯಾದರು.

ಮರೀನ್‌ಥಾಲ್ ಎಂಬ ಊರು

ಈ ಒಂಟಿತನ ಅರ್ಥವಾಗಲು ಸ್ವಲ್ಪ ದೂರ ಹೋಗಿ ಬರೋಣ.

1930ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಒಂದು ಲೇಖನ ಬರೆದರು. ನೂರು ವರ್ಷದಲ್ಲಿ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ, ಆಗ ಉಳಿದ ಹೊತ್ತನ್ನು ಹೇಗೆ ಕಳೆಯುವುದು ಎಂಬುದೇ ದೊಡ್ಡ ಸಮಸ್ಯೆಯಾಗುತ್ತದೆ ಎಂದರು. ಅವರು ಹೇಳಿದ ನೂರು ವರ್ಷಕ್ಕೆ ಇನ್ನು ಕೆಲವೇ ವರ್ಷ ಬಾಕಿ. ಕೇನ್ಸ್ ಮಾತು ಹಾಗಿರಲಿ, 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಆ ಕಂಪನಿಯ ಕಾಂಪೌಂಡಿನ ಹೊರಗೇ, ವಾರಕ್ಕೆ ಒಂದು ಗಂಟೆಯೂ ದುಡಿಯಬೇಕಿಲ್ಲದ ಹಳೆಯ ರೈತರ ಮನೆಗಳಿವೆ.

ಕೇನ್ಸ್ ಬರೆದ ಹೊತ್ತಿಗೇ ಆಸ್ಟ್ರಿಯಾ ದೇಶದ ಮರೀನ್‌ಥಾಲ್ ಎಂಬ ಊರಿನಲ್ಲಿ ಬಟ್ಟೆ ಕಾರ್ಖಾನೆ ಮುಚ್ಚಿತು. ಹೆಚ್ಚುಕಡಿಮೆ ಇಡೀ ಊರಿಗೆ ಕೆಲಸ ಹೋಯಿತು. ಮರೀ ಯಾಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸಲ್ ಎಂಬ ಸಂಶೋಧಕರು ಅಲ್ಲಿಗೆ ಹೋಗಿ ಜನ ಹೊತ್ತು ಹೇಗೆ ಕಳೆಯುತ್ತಾರೆಂದು ನೋಡಿ 1933ರಲ್ಲಿ ಪುಸ್ತಕ ತಂದರು. ದಿನವಿಡೀ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ಕಡಿಮೆಯಾಗಿತ್ತು. ಇವತ್ತು ಏನು ಮಾಡಿದಿರಿ ಎಂದರೆ ಹೇಳಲು ಅವರಿಗೆ ಹೆಚ್ಚೇನೂ ಇರುತ್ತಿರಲಿಲ್ಲ. ಹೆಂಗಸರಿಗೆ ಮಾತ್ರ ಬಿಡುವಿರಲಿಲ್ಲ, ಮನೆಗೆಲಸ ಎಂದಿನಂತೆ ಇತ್ತು.

ಮರೀನ್‌ಥಾಲಿನವರಿಗೆ ಹಣವಿರಲಿಲ್ಲ, ನಮ್ಮ ಊರುಗಳಿಗೆ ಹಣವಿತ್ತು. ಅದು ದೊಡ್ಡ ವ್ಯತ್ಯಾಸ. ಆದರೂ ಬೆಳಿಗ್ಗೆ ಹನ್ನೊಂದಕ್ಕೆ ಟೀ ಅಂಗಡಿ ಮುಂದೆ ಬಿಳಿ ಷರ್ಟಿನಲ್ಲಿ ಸುಮ್ಮನೆ ನಿಂತವರನ್ನು ಕಂಡಾಗ ನಮಗೆ ಆ ಪುಸ್ತಕ ನೆನಪಾಗುತ್ತದೆ. ಹಣವಿದ್ದರೂ ಹೊತ್ತು ಭಾರವಾಗಬಹುದು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೊಲದ ಜೊತೆಗೆ ಗೋಮಾಳ ಹೋಯಿತು, ತೋಪು ಹೋಯಿತು. ವರ್ತೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು, ಆ ಏರಿಯ ಮೇಲೆ ಯಾರು ಕೂತಾರು? 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದಾಗ ಆ ಹಳ್ಳಿಗಳ ಗ್ರಾಮಸಭೆಯೂ ಹೋಯಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೂ ನಡೆಯಲಿಲ್ಲ. ಊರವರು ಸೇರಿ ಮಾತಾಡುವ ಕೆಲಸಕ್ಕೂ ಜಾಗ ಉಳಿಯಲಿಲ್ಲ.

ಯಾರ ಹೊತ್ತು ಬಿಡುವಾಯಿತು?

ಇಲ್ಲಿಯವರೆಗೆ ನಾವು ಹೇಳಿದ್ದರಲ್ಲಿ ಹೆಚ್ಚಿನದು ಗಂಡಸರ ಕತೆ ಎಂದು ನಮ್ಮ ಅಕ್ಕಂದಿರು ಆಗಲೇ ಗುರುತಿಸಿರುತ್ತಾರೆ. ಸುಗ್ಗಿ ಮುಗಿದ ಮೇಲೂ ರಾಗಿ ಬೀಸುವ ಕಲ್ಲು ನಿಲ್ಲುತ್ತಿರಲಿಲ್ಲ. ನೀರು, ಸೌದೆ, ಸಗಣಿ, ಮಕ್ಕಳು ಯಾವುದಕ್ಕೂ ರಜೆಯಿರಲಿಲ್ಲ. ನಾಟಕದ ಪ್ರಾಕ್ಟೀಸಿಗೆ ಗಂಡ ಹೋದರೆ ದನಕ್ಕೆ ಮೇವು ಹಾಕಿದ್ದು ಹೆಂಡತಿ.

2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಆ ಕೆಲಸ ಮಾಡುವ ಗಂಡಸರು 97 ನಿಮಿಷ. ಮನೆಗೆ ಪರಿಹಾರ ಬರಲಿ, ಬಾಡಿಗೆ ಬರಲಿ, ಅಡುಗೆಮನೆಗೆ ಸ್ವಯಂನಿವೃತ್ತಿ ಯೋಜನೆ ಬರುವುದಿಲ್ಲ.

ಹೆಂಗಸರಿಗೆ ಸ್ವಲ್ಪ ಅವಕಾಶ ಸಿಕ್ಕಿದರೆ ಏನು ಮಾಡುತ್ತಾರೆ? ಇದಕ್ಕೂ ಉತ್ತರ ಸಿಕ್ಕಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸಾಮಾನ್ಯ ಸರ್ಕಾರಿ ಬಸ್ಸುಗಳು ಅವರಿಗೆ ಉಚಿತವಾದವು. ಮುಂದಿನ ಶನಿವಾರ ಭಾನುವಾರಗಳಲ್ಲಿ ಧರ್ಮಸ್ಥಳ, ಕುಕ್ಕೆ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಗುಂಪು ಕಟ್ಟಿಕೊಂಡು ಹೊರಟಿದ್ದರು. ಕೆಲವರು ನಕ್ಕರು, ಕೆಲವರು ಗೊಣಗಿದರು. ಆದರೆ ಗಂಡಸರು ಸುಗ್ಗಿಯ ನಂತರ ಮಾಡುತ್ತಿದ್ದದ್ದನ್ನೇ ಅವರೂ ಮಾಡಿದರು. ಜೊತೆ ಸಿಕ್ಕಿತು, ಹೋಗಲು ಜಾಗ ಸಿಕ್ಕಿತು, ಹೊರಟರು.

ಇನ್ನೂ ಇಬ್ಬರ ಮಾತು ಹೇಳಬೇಕು. ಒಬ್ಬರು ಹೊಲವಿಲ್ಲದ ಕೂಲಿಯವರು, ಅವರಲ್ಲಿ ಹೆಚ್ಚಿನವರು ದಲಿತರು. ಹೊಲ ಹೋದಾಗ ಒಡೆಯನಿಗೆ ಪರಿಹಾರ ಬಂತು. ಆ ಹೊಲದಲ್ಲಿ ಕಳೆ ಕಿತ್ತು, ಕೊಯ್ಲು ಮಾಡಿ ಬದುಕುತ್ತಿದ್ದವರಿಗೆ ಕೂಲಿ ನಿಂತಿತು ಅಷ್ಟೆ. ಪಹಣಿಯಲ್ಲಿ ಹೆಸರಿಲ್ಲದವರಿಗೆ ಹಣವೂ ಇಲ್ಲ. ಕೆಲಸವಿಲ್ಲದ ದಿನ ಅವರ ಪಾಲಿಗೆ ಬಿಡುವಾಗಲಿಲ್ಲ, ಹಸಿವಾಯಿತು. ಅವರ ಮಕ್ಕಳು ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್ ಕೆಲಸಕ್ಕೆ ಹೋದರು.

ಇನ್ನೊಬ್ಬರು ಬಾಡಿಗೆದಾರರು. ಪೀಣ್ಯದ ಲೇತ್ ಮುಂದೆ ನಿಂತ ರಾಯಚೂರಿನ ಹುಡುಗ, ಬೊಮ್ಮಸಂದ್ರದಲ್ಲಿ ಓವರ್‌ಟೈಮ್ ಮಾಡುವ ಒಡಿಶಾದವನು, ಪಿಜಿಯಲ್ಲಿರುವ ಐಟಿ ಹುಡುಗಿ. ಇವರು ದುಡಿದ ಗಂಟೆಗಳಲ್ಲಿ ಕೆಲವು ಬಾಡಿಗೆಯಾಗಿ ಮನೆ ಮಾಲೀಕರ ಬಿಡುವಾಗುತ್ತವೆ. 2023ರಲ್ಲಿ ರಾಜ್ಯ ಕಾನೂನು ತಿದ್ದಿ, ವಾರದ ಮಿತಿ 48 ಗಂಟೆಯೇ ಇದ್ದರೂ ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಒಂದೇ ಕಟ್ಟಡದ ನೆಲಮಹಡಿಯಲ್ಲಿ ಹೊತ್ತು ಹೋಗದವರು, ಮೂರನೇ ಮಹಡಿಯಲ್ಲಿ ಹೊತ್ತು ಸಾಲದವರು.

ಬೇಡ ಎಂದವರು

ಕೊನೆಗೆ ದೇವನಹಳ್ಳಿ ತಾಲ್ಲೂಕಿಗೆ ಬರೋಣ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೆಐಎಡಿಬಿ ಮೂಲಕ ಪಡೆಯಲು ಸರ್ಕಾರ ಹೊರಟಾಗ 2022ರಲ್ಲಿ ರೈತರು ಧರಣಿ ಕೂತರು. ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟಿರುವುದಾಗಿ ಹೇಳಿದರು, ತಾವಾಗಿ ಕೊಡಲು ಬಯಸುವವರ ಜಮೀನು ಮಾತ್ರ ಪಡೆಯುತ್ತೇವೆ ಎಂದರು.

ಅಲ್ಲಿನವರು ಹಣ ಬೇಡದ ಸಂನ್ಯಾಸಿಗಳಲ್ಲ. ಹೂವು, ದ್ರಾಕ್ಷಿ, ತರಕಾರಿ, ರೇಷ್ಮೆ ಬೆಳೆದು ಲೆಕ್ಕ ಹಾಕಿ ಬದುಕುವವರು. ಎಲ್ಲರ ಅಭಿಪ್ರಾಯವೂ ಒಂದೇ ಇರಲಿಲ್ಲ, ಒಳ್ಳೆಯ ಬೆಲೆಗೆ ಕೊಡಲು ಸಿದ್ಧರಿದ್ದವರೂ ಇದ್ದರು. ಅವರಿಗೆ ತಮ್ಮ ಕಾರಣಗಳಿದ್ದವು. ಮನೆಯಲ್ಲಿ ಹೊಲ ಮಾಡುವ ಮಕ್ಕಳಿಲ್ಲದವರಿಗೆ, ಸಾಲ ತೀರಿಸಬೇಕಾದವರಿಗೆ ಮಾರುವುದು ತಪ್ಪೆಂದು ನಾವು ಹೇಳಲಾರೆವು. ಆದರೆ ಬೇಡ ಎಂದವರು ಪೀಣ್ಯದ, ಎಲೆಕ್ಟ್ರಾನಿಕ್ ಸಿಟಿಯ ಊರುಗಳು ಏನಾದವೆಂದು ನೋಡಿದ ತಲೆಮಾರಿನವರು. ಹಿಂದಿನವರಿಗೆ ಹಾಗೆ ನೋಡಿ ಕಲಿಯಲು ಯಾವ ಊರೂ ಇರಲಿಲ್ಲ.

ನಿಮ್ಮ ಊರಿಗೂ ನೋಟಿಸು ಬರಬಹುದು, ಇಲ್ಲವೇ ಬ್ರೋಕರ್ ಬರಬಹುದು. ಆಗ ಎಕರೆಗೆಷ್ಟು ಎಂದು ಕೇಳಿ, ಕೇಳಲೇಬೇಕು. ಜೊತೆಗೆ ಇನ್ನೂ ಕೆಲವನ್ನು ಕೇಳಿ. ಗೋಮಾಳ, ಗುಂಡುತೋಪು, ಕೆರೆ, ಸ್ಮಶಾನ ಯಾರ ಹೆಸರಿನಲ್ಲಿ ಉಳಿಯುತ್ತವೆ? ಅವುಗಳ ಸರ್ವೆ ಆಗಿದೆಯೇ? ಹೊಲವಿಲ್ಲದ ಮನೆಗಳಿಗೆ ಏನು ಸಿಗುತ್ತದೆ? ಬಂದ ಹಣದಲ್ಲಿ ಮನೆಯ ಹೆಂಗಸರ ಹೆಸರಿನಲ್ಲಿ ಎಷ್ಟು? ಊರವರು ಸೇರಲು ಒಂದು ಬಯಲು, ಮಕ್ಕಳು ಓದಲು ಪಂಚಾಯಿತಿಯ ಅರಿವು ಕೇಂದ್ರ ಹತ್ತು ವರ್ಷದ ಮೇಲೂ ಇರುತ್ತದೆಯೇ?

ಈ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ. ಗ್ರಾಮಸಭೆ ಇರುವಾಗಲೇ ಕೇಳಿ. ಊರು ನಗರಕ್ಕೆ ಸೇರಿದ ಮೇಲೆ ಕೇಳಲು ಸಭೆಯೇ ಇರುವುದಿಲ್ಲ.